ಗದ್ದ ಉಬ್ಬಿದ ಸಿಕ್ಲಿಡ್‌ಗೆ ಔಷಧಿ ಬೇಡ

ಹುಬ್ಬಳ್ಳಿ-ಧಾರವಾಡದ ಮೀನು ಸಾಕುವವರ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: "ಮಲಾವಿ ಸಿಕ್ಲಿಡ್ ಹೆಣ್ಣು ಊಟ ಬಿಟ್ಟು, ಗದ್ದ ಉಬ್ಬಿಸಿಕೊಂಡು ಮೂಲೆ ಸೇರಿದರೆ ಅದು ಗಂಟಲು ರೋಗ. ಉಪ್ಪು, ಔಷಧಿ ಹಾಕಿ." ಇದು ತಪ್ಪು.

ಆಫ್ರಿಕಾದ ಮಲಾವಿ ಸರೋವರದ ಎಂಬುನಾ ಎಂಬ ಸಿಕ್ಲಿಡ್ ಮೀನುಗಳಲ್ಲಿ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಸುಮಾರು 3 ವಾರ. ಅಷ್ಟು ದಿನ ತಿನ್ನುವುದು ಇಲ್ಲವೆನ್ನುವಷ್ಟು ಕಡಿಮೆ. ಆಗಾಗ ಏನೋ ಅಗಿಯುವಂತೆ ದವಡೆ ಆಡಿಸುತ್ತದೆ, ನೋಡಿದ್ದೀರಲ್ವಾ? ಎಲ್ಲ ಮೊಟ್ಟೆಗೂ ಆಮ್ಲಜನಕ ಸಿಗಲಿ ಅಂತ ಹೊರಳಿಸುವುದು ಅದು. ಆಗ ಔಷಧಿ ಸುರಿದರೆ ಗಾಬರಿಯಾಗಿ ಮೊಟ್ಟೆ ಉಗುಳಬಹುದು, ನುಂಗಲೂಬಹುದು. ನಾನು ಮೊದಲ ಸಲ ಹೀಗೇ ಮಾಡಿ ಅಷ್ಟೂ ಮೊಟ್ಟೆ ಕಳೆದುಕೊಂಡೆ. ಆ ಬೇಸರ ಇನ್ನೂ ಹೋಗಿಲ್ಲ.

ಸುಮ್ನೆ ಬಿಟ್ಟುಬಿಡಿ. ಗಂಡು ಜಾಸ್ತಿ ಬೆನ್ನಟ್ಟುತ್ತಿದ್ದರೆ ಮಾತ್ರ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ನೀರು ತುಂಬಿದ ಬೇರೆ ತೊಟ್ಟಿಗೆ ನಿಧಾನವಾಗಿ ಬಿಡಿ. ಅಡುಗೆ ಉಪ್ಪೂ ಬೇಡ, ಮಲಾವಿ ಸಿಹಿನೀರಿನ ಸರೋವರ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಈ ಮೀನುಗಳಿಗೆ ಒಗ್ಗುತ್ತದೆ. ಮಲಪ್ರಭಾ ನಳದ ನೀರಾದರೆ ಕ್ಲೋರಿನ್ ಹೋಗಿಸಿ ಹಾಕಿ.

ರೋಗದ ಗುರುತೇ ಬೇರೆ: ಗದ್ದ ಅಲ್ಲ, ಹೊಟ್ಟೆ ಊದುತ್ತದೆ. ಬಿಳಿ ದಾರದಂಥ ಮಲ ಬರುತ್ತದೆ, ಉಸಿರಾಟ ಜೋರಾಗುತ್ತದೆ.