ಹೊಯ್ ಎನ್ನುವವರಿಲ್ಲದ ಸಾಮ್ರಾಜ್ಯ

ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ 26 ವರ್ಷಗಳಿಂದ ಇತಿಹಾಸ ಪಾಠ ಮಾಡುತ್ತಿರುವ ನನಗೆ, ಇತಿಹಾಸವನ್ನೇ ಬಂಡವಾಳ ಮಾಡಿಕೊಂಡ ಕಂಪ್ಯೂಟರ್ ಆಟವೊಂದರಲ್ಲಿ 19 ವರ್ಷದ ಹುಡುಗನ ಕೈಯಲ್ಲಿ ಸೋಲುವ ಯೋಗವಿದೆಯೆಂದು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ. ಸೋತದ್ದು ಒಂದು ಸಲವಲ್ಲ, ಸಂಕ್ರಾಂತಿ ರಜೆಯ ಮೂರು ದಿನಗಳಲ್ಲಿ ಮೂರು ಸಲ ಎಂಬುದನ್ನು ನಾನು ಸ್ಟಾಫ್ ರೂಮಿನಲ್ಲಿ ಇನ್ನೂ ಬಾಯಿಬಿಟ್ಟಿಲ್ಲ.

ಹುಡುಗ ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬರುವಾಗ ಬಟ್ಟೆಗಿಂತ ಹೆಚ್ಚಾಗಿ ವೈರುಗಳನ್ನು ತರುತ್ತಾನೆ. ಊಟವಾದ ಮೇಲೆ ತನ್ನ ಲ್ಯಾಪ್‌ಟಾಪನ್ನೂ ನನ್ನ ಮಗಳು ಬಿಟ್ಟುಹೋಗಿದ್ದ ಹಳೆಯದೊಂದನ್ನೂ ಊಟದ ಮೇಜಿನ ಎರಡು ತುದಿಗಳಲ್ಲಿಟ್ಟು, "ಮಾವ, ಬನ್ನಿ, ಏಜ್ ಆಫ್ ಎಂಪೈರ್ಸ್ ಆಡೋಣ" ಎಂದು ಕರೆದನು. ಆಟದ ಈ ಎರಡನೆಯ ಭಾಗ ಮೊದಲು ಹೊರಬಂದದ್ದು 1999ರಲ್ಲಿ, ಅಂದರೆ ಅವನು ಹುಟ್ಟುವ ಮೊದಲು. 2019ರಲ್ಲಿ ಅದಕ್ಕೆ ಹೊಸ ಸುಣ್ಣಬಣ್ಣ ಹೊಡೆದಿದ್ದಾರೆ. ಒಂದು ನಾಗರಿಕತೆಯನ್ನು ಆರಿಸಿಕೊಂಡು, ಮೂವರು ಹಳ್ಳಿಗರು ಮತ್ತು ಕುದುರೆಯ ಮೇಲಿನ ಒಬ್ಬ ಬೇಹುಗಾರನಿಂದ ಸಂಸಾರ ಆರಂಭಿಸಿ, ಕತ್ತಲ ಯುಗದಿಂದ ಸಾಮ್ರಾಜ್ಯ ಯುಗದವರೆಗೆ ಏರುತ್ತ ಎದುರಾಳಿಯನ್ನು ನಿರ್ನಾಮ ಮಾಡಬೇಕು. ನಾನೊಂದು ಹೆಜ್ಜೆಯಿಟ್ಟು ಯೋಚಿಸುವವರೆಗೆ ಎದುರಾಳಿ ಕಾಯಬೇಕಾದ ಚದುರಂಗವಲ್ಲ ಇದು. ನಾನು ಕನ್ನಡಕ ಒರೆಸಿಕೊಳ್ಳುವಾಗಲೂ ಅವನು ಸೈನ್ಯ ಕಟ್ಟುತ್ತಲೇ ಇರುತ್ತಾನೆ.

ಯಾವ ನಾಗರಿಕತೆ ಆರಿಸಲಿ ಎಂದು ಕೇಳಿದೆ. 2022ರಲ್ಲಿ ಬಂದ ಭಾರತದ ರಾಜವಂಶಗಳ ಕಂತಿನಲ್ಲಿ ದ್ರಾವಿಡರೂ ಇದ್ದಾರೆ, ಉರುಮಿ ಎಂಬ ಬಳುಕುವ ಕತ್ತಿ ಬೀಸುವ ಯೋಧರೂ ಇದ್ದಾರೆ ಎಂದು ತಿಳಿದಾಗ ಮನಸ್ಸು ಸಹಜವಾಗಿಯೇ ಆ ಕಡೆ ವಾಲಿತು. ಆದರೆ ದ್ರಾವಿಡರ ಬಲವೆಲ್ಲ ಕಾಲಾಳುಗಳಲ್ಲಿಯೂ ನೌಕಾಪಡೆಯಲ್ಲಿಯೂ ಇದೆ, ಅವರಿಗೆ ನೈಟ್ ಎಂಬ ಭಾರಿ ಕುದುರೆ ಸವಾರರೇ ಇಲ್ಲ ಎಂದು ಹುಡುಗ ಎಚ್ಚರಿಸಿದನು. ಹಾಸನದವನು ಹಡಗು ಕಟ್ಟಿ ಏನು ಮಾಡಬೇಕು? ಗೊರೂರಿನ ಹಿನ್ನೀರಿಗಿಳಿಸಿ ಶೆಟ್ಟಿಹಳ್ಳಿಯ ಮುಳುಗಿದ ಚರ್ಚಿಗೆ ಮೂರು ಸುತ್ತು ಹಾಕಬಹುದಷ್ಟೇ.

"ನಿಮಗೆ ಬೈಜಾಂಟೈನ್ ಸರಿಹೋಗುತ್ತೆ ಮಾವ. ಅವರ ಹತ್ರ ಹೆಚ್ಚೂಕಮ್ಮಿ ಎಲ್ಲಾ ಇದೆ," ಎಂದನು.

ಈ "ಎಲ್ಲಾ ಇದೆ" ಎಂಬ ಮಾತು ನನ್ನ ಪಾಲಿಗೆ ಮುಳುವಾಯಿತು. ಹೋಟೆಲಿನಲ್ಲಿ ಮಾಣಿ ತಿಂಡಿಗಳ ಪಟ್ಟಿಯನ್ನು ಒಂದೇ ಉಸಿರಿಗೆ ಒಪ್ಪಿಸಿದಾಗ ಯಾವುದನ್ನೂ ಆರಿಸಲಾಗದೆ, ಪಕ್ಕದ ಮೇಜಿನವರು ತಿನ್ನುತ್ತಿರುವುದನ್ನೇ ತರಲು ಹೇಳುವ ಮನುಷ್ಯ ನಾನು. ಆರಿಸುವ ಕಷ್ಟವೇ ಇಲ್ಲದ ಸಾಮ್ರಾಜ್ಯವೊಂದು ಸಿಕ್ಕಿತಲ್ಲ ಎಂದು ಹಿಗ್ಗಿದೆ. ಹುಡುಗ ಫ್ರಾಂಕರನ್ನು ಆರಿಸಿಕೊಂಡನು. ಅವನದು ಒಂದೇ ಮಂತ್ರ: ಕುದುರೆ. ಫ್ರಾಂಕರ ಸವಾರರಿಗೆ ಶೇಕಡಾ 20ರಷ್ಟು ಹೆಚ್ಚಿನ ಆಯಸ್ಸು ಇರುತ್ತದೆಯಂತೆ. ಇಷ್ಟು ಏಕಮುಖವಾದ ಜನಾಂಗವನ್ನು ಮಣಿಸುವುದು ಏನು ಮಹಾ ಎಂದುಕೊಂಡು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ.

"ರೀ, ಗೇಟಿನ ಚಿಲಕ ಹಾಕಿದ್ರಾ?" ಎಂದು ನನ್ನ ಹೆಂಡತಿ ಜಗುಲಿಯಿಂದ ಕೇಳಿದಳು. ಅವಳು ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ಹಾಕಿದ್ದೇನೆ ಎಂದೆ. ಹಾಕಿದ್ದೂ ನಿಜ, ಅದು ಮೊದಲನೆಯ ದಿನ.

ಆಟ ಶುರುವಾಯಿತು. ಟೌನ್ ಸೆಂಟರ್ ಎಂಬ ಊರಚಾವಡಿಯಲ್ಲಿ 50 ಆಹಾರ ಕೊಟ್ಟರೆ 25 ಸೆಕೆಂಡಿಗೊಬ್ಬ ಹಳ್ಳಿಗ ಹುಟ್ಟುತ್ತಾನೆ. ಈ ಜನನ ನಿಲ್ಲಲೇಬಾರದು, ನಿಂತರೆ ಅಲ್ಲಿಗೆ ಮುಗಿಯಿತು ಎನ್ನುವುದು ಆಡುವವರೆಲ್ಲರ ಮೊದಲ ಪಾಠ. ನಾನಾದರೋ ಆ ಹೊತ್ತಿನಲ್ಲಿ ಹುಡುಗನಿಗೆ ಬೇರೊಂದು ಪಾಠ ಹೇಳುತ್ತಿದ್ದೆ. ಕ್ರಿ.ಶ. 330ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನು ತನ್ನ ಹೊಸ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲ್ಲನ್ನು ಉದ್ಘಾಟಿಸಿದಂದಿನಿಂದ 1453ರಲ್ಲಿ ಅದು ಆಟೋಮನ್ ತುರ್ಕರ ವಶವಾಗುವವರೆಗೆ ಅಲ್ಲಿನ ಜನ ತಮ್ಮನ್ನು ರೋಮನರೆಂದೇ ಕರೆದುಕೊಂಡರು. ಈ ಬೈಜಾಂಟೈನ್ ಎಂಬ ಹೆಸರನ್ನು ಚಲಾವಣೆಗೆ ತಂದದ್ದು, ಅವರ ರಾಜ್ಯವೇ ಅಳಿದ ಮೇಲೆ, 16ನೆಯ ಶತಮಾನದ ಹಿರೋನಿಮಸ್ ವುಲ್ಫ್ ಎಂಬ ಜರ್ಮನ್ ವಿದ್ವಾಂಸ ಎಂದು ವಿವರಿಸುತ್ತ, ಹಾಗೆಯೇ ಒಬ್ಬ ಹಳ್ಳಿಗನನ್ನು ಕಾಡುಹಂದಿಯ ಬೇಟೆಗೆ ಕಳುಹಿಸಿದೆ.

"ಮಾವ, ಹಂದಿ ನೋಡ್ಕೊಳ್ಳಿ," ಎಂದನು ಹುಡುಗ, ತನ್ನ ಪರದೆಯಿಂದ ಕಣ್ಣು ತೆಗೆಯದೆ.

ಆಟದ ಹಂದಿಗೂ ನಮ್ಮ ಕಾಫಿ ತೋಟಗಳ ಹಂದಿಗೂ ಸ್ವಭಾವದಲ್ಲಿ ವ್ಯತ್ಯಾಸವಿಲ್ಲ. ಒಂದು ಬಾಣ ಬಿದ್ದೊಡನೆ ಹೊಡೆದವನನ್ನೇ ಅಟ್ಟಿಸಿಕೊಂಡು ಬರುತ್ತದೆ. ಅವನು ಚಾವಡಿಯ ಕಡೆಗೆ ಓಡಿ ಬರಬೇಕು, ಅಲ್ಲಿ ಕಾದಿರುವ ಉಳಿದವರು ಸೇರಿ ಅದನ್ನು ಕೆಡವಬೇಕು, ಆಗ 340 ಆಹಾರ ಕೈಗೆ ಬರುತ್ತದೆ. ಓಡು ಎಂದು ಹೇಳಬೇಕಾದವನು ನಾನು. ನಾನು ವುಲ್ಫನ ಬಳಿ ಇದ್ದೆ. ಸೊಸೆವೂರಿನಲ್ಲಿ ಹುಲಿ ಮೇಲೆರಗಿದಾಗ "ಹೊಯ್ ಸಳ" ಎನ್ನಲು ಸುದತ್ತ ಮುನಿಗಳಿದ್ದರು, ಸಳನು ಹೊಯ್ದನು, ಒಂದು ರಾಜವಂಶವೇ ಹುಟ್ಟಿತು ಎನ್ನುತ್ತದೆ ನಮ್ಮ ಕಡೆಯ ಐತಿಹ್ಯ. ಪ್ರತಿವರ್ಷ ವಿದ್ಯಾರ್ಥಿಗಳನ್ನು ಬೇಲೂರಿಗೆ ಕರೆದೊಯ್ದು ಆ ಶಿಲ್ಪದ ಮುಂದೆ ನಿಲ್ಲಿಸಿ ಕಥೆ ಹೇಳುವವನು ನಾನು. ನನ್ನ ಹಳ್ಳಿಗನಿಗೆ ಮಾತ್ರ ಹೊಯ್ ಎನ್ನುವವರು ಯಾರೂ ಇರಲಿಲ್ಲ. ಅವನು ಸತ್ತನು. ಹಂದಿ ಏನೂ ಆಗದಂತೆ ಹಿಂದಿರುಗಿತು.

ಇದಾದ ಮೇಲೆ ಜನ ಹುಟ್ಟುವುದೇ ನಿಂತುಹೋಯಿತು. ಚಾವಡಿಯಲ್ಲಿ ಐದು ಜನಕ್ಕೆ ಮಾತ್ರ ಜಾಗ. ಮುಂದಿನ ಪ್ರತಿ ಐವರಿಗೂ 25 ಮರ ಖರ್ಚು ಮಾಡಿ ಒಂದೊಂದು ಮನೆ ಕಟ್ಟಬೇಕು. ನಗರದ ಹೊರವಲಯದ ಸೈಟಿನಲ್ಲಿ ನಾವೀಗಿರುವ ಮನೆ ಕಟ್ಟಲು ಮೂರು ವರ್ಷ ತೆಗೆದುಕೊಂಡವನಿಗೆ ಇದೆಲ್ಲ ಹೊಳೆಯುವುದು ಸ್ವಲ್ಪ ನಿಧಾನ. ಅತ್ತ ಒಲೆಯ ಮೇಲಿದ್ದ ಕುಕ್ಕರನ್ನು ಮೂರನೆಯ ಸೀಟಿಗೆ ಇಳಿಸುವ ಹೊಣೆಯೂ ನನ್ನದೇ ಆಗಿತ್ತೆಂಬುದು ಏಳನೆಯ ಸೀಟಿಗೆ ನೆನಪಾಯಿತು. ಅಂದಿನ ಅನ್ನವನ್ನು ನಾವು ಪಾಯಸವೆಂದು ಭಾವಿಸಿ ಉಂಡೆವು.

ಇಷ್ಟಾದರೂ ನಾನು ಎದೆಗುಂದಲಿಲ್ಲ, ಏಕೆಂದರೆ ನನ್ನ ಬಳಿ ಎಲ್ಲವೂ ಇತ್ತು. ಕಾಲಾಳುಗಳ ಗರಡಿ, ಬಿಲ್ಲಾಳುಗಳ ಅಂಗಳ, ಲಾಯ, ಕೋಟೆ ಒಡೆಯುವ ಯಂತ್ರಗಳ ಕಾರ್ಯಾಗಾರ, ಸಂನ್ಯಾಸಿಗಳ ಮಠ, ಎಲ್ಲವನ್ನೂ ಕಟ್ಟಿಸಿದೆ. ಒಂದೊಂದರಿಂದಲೂ ಮೂರು ನಾಲ್ಕು ಜನರನ್ನು ಹೊರಡಿಸಿದೆ. ಮದುವೆಮನೆಯ ಬಫೆಯಲ್ಲಿ ಯಾರಿಗೂ ಬೇಸರವಾಗಬಾರದೆಂದು ಎಲ್ಲ ಪಾತ್ರೆಗಳಿಂದಲೂ ಒಂದೊಂದು ಸೌಟು ಬಡಿಸಿಕೊಂಡವನ ತಟ್ಟೆಯ ಹಾಗಿತ್ತು ನನ್ನ ಸೈನ್ಯ: ನಾಲ್ವರು ಈಟಿಯವರು, ಐವರು ಬಿಲ್ಲಿನವರು, ಎರಡು ಬಾಗಿಲೊಡೆಯುವ ಟಗರುಯಂತ್ರ, ಮೂವರು ಸಂನ್ಯಾಸಿಗಳು, ಮತ್ತು ಎಲ್ಲರಿಗಿಂತ ಹಿಂದೆ ಒಂದು ಒಂಟೆ. ದಸರಾ ಮೆರವಣಿಗೆಯಾಗಿದ್ದರೆ ಬಹುಮಾನ ಬರುತ್ತಿತ್ತು. ಹುಡುಗನ 20 ನೈಟ್‌ಗಳು ಕಾಡಿನ ತಿರುವಿನಿಂದ ಬಂದಾಗ ನನ್ನ ಸಂನ್ಯಾಸಿಗಳು ಮಂತ್ರವನ್ನು ಪೂರ್ತಿ ಹೇಳಿ ಮುಗಿಸಲೂ ಆಗಲಿಲ್ಲ.

ಅವನು ಕೀಲಿಮಣೆಯಲ್ಲಿ 11 ಎಂದು ಒತ್ತಿದನು. ಈ ಆಟದಲ್ಲಿ ಹಾಗೆ ಒತ್ತಿದರೆ ಎದುರಿನವನ ಕಂಪ್ಯೂಟರಿನಿಂದ ಅಟ್ಟಹಾಸದ ನಗುವೊಂದು ಹೊರಡುತ್ತದೆ. ಸೋದರಮಾವನೆಂಬ ಮರ್ಯಾದೆಗೆ ತಾನೇ ನಗದೆ ಯಂತ್ರದಿಂದ ನಗಿಸಿದನಲ್ಲ ಎಂದು ಸಮಾಧಾನಪಟ್ಟುಕೊಂಡೆ.

ರಾತ್ರಿ ಅವನು ವಿವರಿಸಿದ್ದನ್ನು ನಾನು ನೋಟ್ಸ್ ಬರೆದುಕೊಂಡೆ. ಬೈಜಾಂಟೈನರಿಗೆ ಈಟಿಯವರು, ಸ್ಕರ್ಮಿಷರ್ ಎಂಬ ಭರ್ಜಿ ಎಸೆಯುವವರು ಮತ್ತು ಒಂಟೆ ಸವಾರರು, ಈ ಮೂವರು ನಾಲ್ಕರಲ್ಲಿ ಒಂದು ಪಾಲು ಅಗ್ಗ. ಮೂವರಲ್ಲಿ ಒಬ್ಬರೂ ತಾವಾಗಿ ಯುದ್ಧ ಗೆದ್ದುಕೊಡುವವರಲ್ಲ. ಕುದುರೆ ಬಂದರೆ ಈಟಿ ಅಥವಾ ಒಂಟೆ, ಬಿಲ್ಲು ಬಂದರೆ ಭರ್ಜಿ. ಎದುರಾಳಿಯ ಒಂದು ನೈಟ್‌ಗೆ 60 ಆಹಾರ, 75 ಚಿನ್ನ ಬೇಕು. ಈಟಿಯವನಿಗೂ ಭರ್ಜಿಯವನಿಗೂ ಚಿನ್ನವೇ ಬೇಡ, ಆಹಾರ ಮತ್ತು ಮರ ಸಾಕು. ಭೂಮಿಯ ಮೇಲಿನ ಚಿನ್ನ ಮುಗಿಯುತ್ತ ಬಂದಂತೆ ಇಂತಹ ಬಡ ಸೈನಿಕರೇ ಆಧಾರ. "ಬೈಜಾಂಟೈನ್ ಅಂದ್ರೆ ಉತ್ತರ ಕೊಡೋರು ಮಾವ. ಪ್ರಶ್ನೆ ಏನು ಅಂತ ನೋಡದೇನೇ ನೀವು ಉತ್ತರ ಬರೀತಿದ್ದೀರಿ," ಎಂದನು. ಇದೇ ವಾಕ್ಯವನ್ನು ನಾನು ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯಲ್ಲಿ ಅದೆಷ್ಟು ಸಲ ಬರೆದಿದ್ದೇನೋ.

ಅವರೆ ಸುಲಿಯುತ್ತಲೇ ಇದನ್ನೆಲ್ಲ ಕೇಳಿಸಿಕೊಂಡ ನನ್ನವಳು, "ಇದಕ್ಕೆ ಇಷ್ಟು ಹೊತ್ತು ಬೇಕಾ?" ಎಂದಳು. ಕಟ್ಟಿನಕೆರೆ ಮಾರುಕಟ್ಟೆಗೆ ಹೋದರೆ ಅವಳು ಕೈಚೀಲವನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳುವುದಿಲ್ಲ. ಯಾರ ರಾಶಿಯಲ್ಲಿ ಸೊಗಡಿದೆ, ಯಾರು ಸಂಜೆಯೊಳಗೆ ಖಾಲಿ ಮಾಡುವ ಆತುರದಲ್ಲಿದ್ದಾರೆ ಎಂದು ನೋಡಿಕೊಂಡು ಬಂದು, ಎರಡನೆಯ ಸುತ್ತಿನಲ್ಲಿ ಬಾಯಿ ತೆರೆಯುತ್ತಾಳೆ. ನಾನು ಹೋದರೆ ಪ್ರವೇಶದ್ವಾರದ ಮೊದಲ ಅಂಗಡಿಯಲ್ಲಿಯೇ ಚೀಲ ತುಂಬಿಸಿಕೊಂಡು ಬರುತ್ತೇನೆ, ಆಯ್ಕೆಯ ತಂಟೆಯಿಲ್ಲ.

ಎರಡನೆಯ ದಿನದ ಸೋಲನ್ನು ಬೇಗ ಹೇಳಿ ಮುಗಿಸುತ್ತೇನೆ. ಬೇಹುಗಾರನನ್ನು ಕಳುಹಿಸಿದೆ, ಅವನು ಲಾಯ ನೋಡಿ ಬಂದನು, ನಾನು ಈಟಿಯವರನ್ನು ತಯಾರಿಸಿದೆ. ಹುಡುಗನೂ ನನ್ನ ಈಟಿಗಳನ್ನು ನೋಡಿ ಬಿಲ್ಲಿಗೆ ಬದಲಾಯಿಸಿದ್ದನ್ನು ಮಾತ್ರ ನೋಡಲಿಲ್ಲ, ಏಕೆಂದರೆ ಒಮ್ಮೆ ನೋಡಿ ಬಂದ ಬೇಹುಗಾರನನ್ನು ಚಾವಡಿಯ ಬಳಿ ನಿಲ್ಲಿಸಿ ವಿಶ್ರಾಂತಿ ಕೊಟ್ಟಿದ್ದೆ. ಮೇಲಾಗಿ ಹೆಸರಿನ ವ್ಯಾಮೋಹಕ್ಕೆ ಬಿದ್ದು 650 ಕಲ್ಲು ಸುರಿದು ಕೋಟೆ ಕಟ್ಟಿಸಿ, ಬೈಜಾಂಟೈನರಿಗೆ ಮಾತ್ರ ಮೀಸಲಾದ ಕ್ಯಾಟಾಫ್ರಾಕ್ಟ್ ಸವಾರರನ್ನು ಹೊರಡಿಸಿದೆ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಸಂಪೂರ್ಣ ಕವಚ ಹೊದ್ದವನು ಎಂದರ್ಥ. ಅವನು ಕಾಲಾಳುಗಳ ಕಾಲಯಮ. ಹುಡುಗನ ಬಳಿ ಆಗ ಒಬ್ಬನೇ ಒಬ್ಬ ಕಾಲಾಳೂ ಇರಲಿಲ್ಲ. ನನ್ನ ಸವಾರರನ್ನು ದೂರಕ್ಕೆ ಕಳುಹಿಸಿ ಮನೆಯನ್ನು ಬರಿದು ಮಾಡಿದಾಗಲೇ ಹುಡುಗ ಮನೆಗೆ ನುಗ್ಗಿದನು. 1311ರಲ್ಲಿ ಹೊಯ್ಸಳ ದೊರೆ ಮೂರನೆಯ ಬಲ್ಲಾಳನು ಪಾಂಡ್ಯರ ದಾಯಾದಿ ಜಗಳದ ಲಾಭ ಪಡೆಯಲೆಂದು ದಕ್ಷಿಣಕ್ಕೆ ಹೋಗಿದ್ದಾಗ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರನು ಅವನ ರಾಜಧಾನಿ ದ್ವಾರಸಮುದ್ರದ ಮೇಲೆ ಬಂದ ಪ್ರಸಂಗವನ್ನು ನಾನು ನಿದ್ದೆಗಣ್ಣಿನಲ್ಲಿಯೂ ಪಾಠ ಮಾಡಬಲ್ಲೆ. ಆ ದ್ವಾರಸಮುದ್ರವೇ ಇಂದಿನ ಹಳೇಬೀಡು, ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮತ್ತೆ 11.

ಮೂರನೆಯ ದಿನ ನಾನು ನಿಜಕ್ಕೂ ಚೆನ್ನಾಗಿ ಆಡಿದೆ. ಹಂದಿಯನ್ನು ಕ್ಷೇಮವಾಗಿ ಮನೆಗೆ ತಂದೆ. ಮನೆಗಳನ್ನು ಮುಂಚಿತವಾಗಿಯೇ ಕಟ್ಟಿದೆ. ಬೇಹುಗಾರನಿಗೆ ಕುಳಿತುಕೊಳ್ಳಲು ಬಿಡಲಿಲ್ಲ. ಹುಡುಗ ಕುದುರೆ ತಂದರೆ ಈಟಿ ಹಿಡಿದೆ, ಬಿಲ್ಲು ತಂದರೆ ಭರ್ಜಿ ಎಸೆಸಿದೆ, ಮತ್ತೆ ಕುದುರೆಗೆ ಮರಳಿದಾಗ ಅಗ್ಗದ ಒಂಟೆಗಳು ಸಾಲಾಗಿ ನಿಂತಿದ್ದವು. ಯುಗ ಬದಲಾದಂತೆ ಬೈಜಾಂಟೈನರ ಕಟ್ಟಡಗಳು ಉಳಿದವರವಕ್ಕಿಂತ ಗಟ್ಟಿಯಾಗುತ್ತ ಹೋಗುತ್ತವೆ, ಸಾಮ್ರಾಜ್ಯ ಯುಗಕ್ಕೆ ಏರುವ ವೆಚ್ಚದಲ್ಲಿಯೂ ಅವರಿಗೆ ಮೂರರಲ್ಲಿ ಒಂದು ಪಾಲು ರಿಯಾಯಿತಿ. ಅವನಿಗಿಂತ ಮೊದಲು ನಾನೇ ಆ ಯುಗಕ್ಕೆ ಏರಿದಾಗ ಹುಡುಗ ಮೊದಲ ಬಾರಿಗೆ ಮಾತು ನಿಲ್ಲಿಸಿ, ಕುರ್ಚಿಯಲ್ಲಿ ನೆಟ್ಟಗೆ ಕುಳಿತನು.

"ರೀ, ಹಾಲಿನವನಿಗೆ ಗೇಟ್ ತೆಗೆದವರು ಮತ್ತೆ ಹಾಕಿದ್ರಾ?"

ಹೂಂ ಎಂದೆ. ಆ ಹೂಂಕಾರ ಯಾವ ಪ್ರಶ್ನೆಗೆಂದು ನನಗೂ ಗೊತ್ತಿರಲಿಲ್ಲ. ಏಕೆಂದರೆ ಆ ಹೊತ್ತಿಗೆ ನಾನು ಗೋಡೆಯ ಪಾಠದಲ್ಲಿದ್ದೆ. ಊರಿನ ಸುತ್ತ ಗೋಡೆ ಹಾಕಿಸಿದ್ದೆ. ಪೂರ್ತಿ ಹಾಕಿಸಿದರೆ ದುಬಾರಿಯೆಂದು, ತಿಳಿದವರು ಮಾಡುವ ಹಾಗೆಯೇ, ಗೋಡೆಯ ತುದಿಗಳನ್ನು ದಟ್ಟವಾದ ಕಾಡಿಗೆ ಸೇರಿಸಿ ಮರಗಳನ್ನೇ ಉಳಿದ ಗೋಡೆಯಾಗಿ ಬಳಸಿದ್ದೆ. ಕಾನ್‌ಸ್ಟಾಂಟಿನೋಪಲ್ಲಿನ ಥಿಯೊಡೋಸಿಯನ್ ಗೋಡೆ ಸಾವಿರ ವರ್ಷ ನಿಂತಿತು, 1453ರ ಮುತ್ತಿಗೆಯಲ್ಲಿ ಕೆರ್ಕೊಪೋರ್ತಾ ಎಂಬ ಒಂದು ಸಣ್ಣ ಬಾಗಿಲಿಗೆ ಅಗಣಿ ಹಾಕಲು ಮರೆತರೆಂಬ ಕಥೆಯೂ ಇದೆ, ಅಷ್ಟು ದೊಡ್ಡ ಸಾಮ್ರಾಜ್ಯಕ್ಕೆ ಒಬ್ಬ ಬಾಗಿಲು ಹಾಕುವವನಿರಲಿಲ್ಲವೇ ಎಂದು ನಾನು ಕೈಯೆತ್ತಿ ಹೇಳುತ್ತಿರುವಾಗಲೇ ಹುಡುಗನ ಕುದುರೆಗಳು ನನ್ನ ಹೊಲಗಳ ನಡುವೆ ಕಾಣಿಸಿಕೊಂಡವು. ಗೋಡೆ ಎಲ್ಲಿಯೂ ಒಡೆದಿರಲಿಲ್ಲ. ಹೇಗೆ ಬಂದವೆಂದು ಹುಡುಕಿದೆ. ಕಾಡಿನಂಚಿನಲ್ಲಿ ನನ್ನವರೇ ಆದ ಎಂಟು ಜನ ಮರಕಡಿಯುವವರು, ಹೇಳಿದ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತ ಮಾಡುತ್ತ, ಕಾಡನ್ನು ಈ ಬದಿಯಿಂದ ಆ ಬದಿಗೆ ಕಡಿದು ಮುಗಿಸಿ, ತಾವೇ ತೆರೆದ ದಾರಿಯಲ್ಲಿ ಕೊಡಲಿ ಹಿಡಿದು ನಿಂತಿದ್ದರು.

ಹುಡುಗ 11 ಒತ್ತಲು ಬೆರಳೆತ್ತಿದ್ದನು. ಒತ್ತಲಿಲ್ಲ. ಅವನು ನನ್ನ ಹೆಗಲಾಚೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದನು. ಅಂಗಳದಲ್ಲಿ ಬೀದಿಯ ಹಸುವೊಂದು ಮೊರಕ್ಕೇ ಬಾಯಿಟ್ಟು, ಮೂರು ದಿನ ಸುಲಿದು, ನೆನೆಸಿ ಹಿದುಕಿ ಒಣಗಲಿಟ್ಟಿದ್ದ ಅವರೆಬೇಳೆಯನ್ನು ಕಣ್ಣು ಮುಚ್ಚಿ ಮೆಲ್ಲುತ್ತಿತ್ತು. ಅದರ ಹಿಂದೆ ಗೇಟು ಹಾರುಹೊಡೆದಿತ್ತು. ಅಷ್ಟರಲ್ಲಿ ಹೆಂಡತಿ ಕಸಬರಿಗೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು, ಹಸುವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಹೊಯ್!" ಎಂದು ಕೂಗಿದಳು. ಹಸು ಗೇಟಿನ ಕಡೆಗೆ ಓಡಿತು. ಕೂಗಿದ್ದು ಯಾರಿಗೆಂದು ಖಚಿತವಾಗದ ಕಾರಣ ನಾನೂ ಅದರ ಹಿಂದೆಯೇ ಓಡಿದೆ.