ರೊಮೇನಿಯಾದ ಸಾಲ ತೀರಿಸಿದ್ದು ಯಾರು

ಒಂದು ಡಾಲರ್ ಸಾಲವೂ ಉಳಿಯದ ಹಾಗೆ ದೇಶವನ್ನು ಋಣಮುಕ್ತ ಮಾಡಿದ ನಾಯಕ ಅಂತ ರೊಮೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ನಿಕೊಲಾಯೆ ಚೌಷೆಸ್ಕುವನ್ನು ಹೊಗಳುವ ಸಂದೇಶವೊಂದು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಸುತ್ತುತ್ತಿದೆ. ಅದರಲ್ಲಿರುವುದು ಸುಳ್ಳಲ್ಲ. ವಿದೇಶಿ ಸಾಲವೆಲ್ಲ ತೀರಿತು ಎಂದು 1989ರ ಏಪ್ರಿಲ್‌ನಲ್ಲಿ ರೊಮೇನಿಯಾ ಘೋಷಿಸಿದ್ದು ನಿಜ. ಆದರೆ ಅಷ್ಟು ಹಣ ಎಲ್ಲಿಂದ ಬಂತು ಎಂದು ಆ ಸಂದೇಶ ಕಳಿಸಿದವರಲ್ಲಿ ಒಬ್ಬರೂ ಕೇಳಿಲ್ಲ. ಅದು ಜನರ ತಟ್ಟೆಯಿಂದ ಬಂತು. ನಸುಕಿಗೆ ಎದ್ದು ಹಿಮದಲ್ಲಿ ಅಂಗಡಿ ಮುಂದೆ ನಿಂತ ಅಜ್ಜಿಯರ ಕಾಲಿನಿಂದ ಬಂತು. ಇದನ್ನು ಹೇಳದೆ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ಕೆಲಸದ ಮೇಲೆ ನಾನು ಕೆಲವು ವರ್ಷ ರೊಮೇನಿಯಾದ ಕ್ಲೂಜ್ ಎಂಬ ಊರಿನಲ್ಲಿದ್ದೆ. ನಾನಿದ್ದ ಮನೆಯ ಒಡತಿ ಎಪ್ಪತ್ತು ದಾಟಿದವರು, ಶಾಲೆಯಲ್ಲಿ ಟೀಚರ್ ಆಗಿದ್ದವರು. ಎಂಬತ್ತರ ದಶಕದ ಮಾತು ಬಂದರೆ ಅವರಿಗೆ ಹೇಳಿ ಮುಗಿಯುತ್ತಿರಲಿಲ್ಲ. ಆಮೇಲೆ ನಾನು ಓದಿ ತಿಳಿದದ್ದೂ ಅವರು ಹೇಳಿದ್ದೂ ತಾಳೆಯಾಗುತ್ತಾ ಹೋದವು.

ಮೊದಲು ಸಾಲದ ಕಥೆ. ಎಪ್ಪತ್ತರ ದಶಕದಲ್ಲಿ ಚೌಷೆಸ್ಕು ಎಂದರೆ ಪಶ್ಚಿಮದ ದೇಶಗಳಿಗೆ ಬಲು ಅಕ್ಕರೆ. ಮಾಸ್ಕೋ ಹೇಳಿದ್ದಕ್ಕೆಲ್ಲ ಹೂಂ ಅನ್ನದ ಕಮ್ಯುನಿಸ್ಟ್ ಎಂದು ಬ್ಯಾಂಕುಗಳು ಕೈ ಬಿಚ್ಚಿ ಸಾಲ ಕೊಟ್ಟವು. 1972ರಲ್ಲಿ ರೊಮೇನಿಯಾ, ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಐಎಂಎಫ್‌ನ ಸದಸ್ಯ ದೇಶವೂ ಆಯಿತು. ಬಂದ ಹಣ ಉಕ್ಕಿನ ಕಾರ್ಖಾನೆಗಳಿಗೆ, ಪೆಟ್ರೋಕೆಮಿಕಲ್ ಸ್ಥಾವರಗಳಿಗೆ ಹೋಯಿತು. ತನ್ನ ನೆಲದಲ್ಲಿ ಸಿಗುವ ಕಚ್ಚಾತೈಲಕ್ಕಿಂತ ಎಷ್ಟೋ ಹೆಚ್ಚು ತೈಲ ಬೇಡುವ ಸಂಸ್ಕರಣಾಗಾರಗಳನ್ನು ದೇಶ ಕಟ್ಟಿಕೊಂಡಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ತೈಲದ ಬೆಲೆ ಏರಿತು, ಅದರ ಹಿಂದೆಯೇ ಬಡ್ಡಿಯೂ ಏರಿತು. 1981ರ ಹೊತ್ತಿಗೆ ಸಾಲ ಸುಮಾರು 1,000 ಕೋಟಿ ಡಾಲರ್. ಆಗ ಪೋಲೆಂಡ್ ಕೂಡ ಇದೇ ಸಂಕಟದಲ್ಲಿತ್ತು. ಇಂಥ ಹೊತ್ತಿನಲ್ಲಿ ದೇಶಗಳು ಕಂತು ಮುಂದೂಡಿಸಿಕೊಂಡು, ಚೌಕಾಸಿ ಮಾಡಿ, ಹೇಗೋ ದಿನ ದೂಡುತ್ತವೆ. ಚೌಷೆಸ್ಕು ಅಷ್ಟಕ್ಕೆ ನಿಲ್ಲಲಿಲ್ಲ. ಪೂರ್ತಿ ಸಾಲ, ಆದಷ್ಟು ಬೇಗ ತೀರಬೇಕು ಎಂದು ನಿರ್ಧರಿಸಿದ. ಆಮದು ನಿಲ್ಲಿಸು, ಡಾಲರ್ ತರುವುದೆಲ್ಲವನ್ನೂ ಹೊರಗೆ ಕಳಿಸು. ಡಾಲರ್ ತರುವಂಥದ್ದು ಆ ದೇಶದಲ್ಲಿ ಏನಿತ್ತು? ಮಾಂಸ, ಬೆಣ್ಣೆ, ಧಾನ್ಯ, ಹಣ್ಣು. ಡ್ಯಾನ್ಯೂಬ್ ಬಯಲಿನ ಮಣ್ಣು ಯುರೋಪಿನಲ್ಲೇ ಫಲವತ್ತಾದ ಮಣ್ಣುಗಳಲ್ಲಿ ಒಂದು. ಅಲ್ಲಿ ಬರ ಬಿದ್ದು ಜನ ಹಸಿಯಲಿಲ್ಲ. ಬೆಳೆದದ್ದು ಲಾರಿ ಹತ್ತಿ ಹೊರಗೆ ಹೋಯಿತು.

1981ರ ಅಕ್ಟೋಬರ್‌ನಲ್ಲಿ ಒಂದು ಆಜ್ಞೆ ಹೊರಟಿತು. ಒಂದು ತಿಂಗಳ ಬಳಕೆಗಿಂತ ಹೆಚ್ಚು ಎಣ್ಣೆ, ಸಕ್ಕರೆ, ಹಿಟ್ಟು, ಅಕ್ಕಿ, ಕಾಫಿ ಮನೆಯಲ್ಲಿಟ್ಟುಕೊಂಡರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಊರೂರಿಗೆ ರೇಷನ್ ಕಾರ್ಡು ಬಂತು. ಅಳತೆ ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಸಾಮಾನ್ಯವಾಗಿ ತಲೆಗೆ ತಿಂಗಳಿಗೆ ಒಂದು ಕೇಜಿ ಸಕ್ಕರೆ, ಒಂದು ಲೀಟರ್ ಎಣ್ಣೆ. ಬ್ರೆಡ್ಡಿಗೂ ದಿನಕ್ಕಿಷ್ಟು ಗ್ರಾಂ ಎಂಬ ಲೆಕ್ಕ. ಕಾರ್ಡಿನಲ್ಲಿ ಬರೆದದ್ದು ಅಂಗಡಿಯಲ್ಲಿ ಇರುತ್ತದೆಂಬ ಖಾತರಿಯೂ ಇರಲಿಲ್ಲ. ಇದಾದ ಮೇಲೆ ಬಂದ ಯೋಜನೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವುದು. "ವೈಜ್ಞಾನಿಕ ಆಹಾರ ಕ್ರಮ" ಅಂತ ಅದರ ಹೆಸರು. ರೊಮೇನಿಯನ್ನರು ತೀರಾ ಹೆಚ್ಚು ತಿನ್ನುತ್ತಿದ್ದಾರೆ, ಅದರಿಂದ ಬೊಜ್ಜು, ಕಾಯಿಲೆ, ಹಾಗಾಗಿ ವರ್ಷಕ್ಕೆ ಇಂತಿಷ್ಟೇ ಮಾಂಸ, ಇಂತಿಷ್ಟೇ ಮೊಟ್ಟೆ ಎಂದು ಸರ್ಕಾರ ಪಟ್ಟಿ ಮಾಡಿತು. ಅದಕ್ಕೆ ವೈದ್ಯರಿಂದ ಸಮರ್ಥನೆ ಬರೆಸಿತು. ಹಸಿದವನಿಗೆ ಅನ್ನ ಇಲ್ಲ ಎನ್ನುವುದು ಒಂದು ಮಾತು. ನಿನಗೆ ಹಸಿವೇ ಇಲ್ಲ, ನೀನು ಉಂಡದ್ದೇ ಹೆಚ್ಚಾಯಿತು ಎಂದು ಸರ್ಕಾರಿ ಮುದ್ರೆ ಒತ್ತಿ ಹೇಳುವುದು ಬೇರೆಯೇ ಕ್ರೌರ್ಯ.

ಹಾಗಾದರೆ ಅಂಗಡಿಯಲ್ಲಿ ಏನು ಸಿಗುತ್ತಿತ್ತು ಎಂದು ಕೇಳಿದ್ದೆ. ಬಟಾಣಿ ಡಬ್ಬಿ, ಸಾಸಿವೆ, ವಿನಿಗರ್, ವಿಯೆಟ್ನಾಮಿನಿಂದ ಬಂದ ಸೀಗಡಿ ಹಪ್ಪಳ. ಹಪ್ಪಳದ ಪೊಟ್ಟಣಗಳನ್ನು ಕಪಾಟಿನ ಈ ತುದಿಯಿಂದ ಆ ತುದಿಗೆ ಜೋಡಿಸಿಟ್ಟಿರುತ್ತಿದ್ದರಂತೆ, ಅಂಗಡಿ ಖಾಲಿ ಕಾಣಬಾರದೆಂದು. ಮಾಂಸದ ಅಂಗಡಿಗೆ ಬರುತ್ತಿದ್ದದ್ದು ಹಂದಿಯ ಕಾಲ ಗೊರಸು, ಕೋಳಿಯ ತಲೆ, ಕೋಳಿಯ ಪಾದ. ಆ ಗೊರಸುಗಳನ್ನು ಜನ "ಅಡಿಡಾಸ್" ಎಂದು ಕರೆಯುತ್ತಿದ್ದರು. ಹಂದಿಯ ಉಳಿದ ಭಾಗವೆಲ್ಲ ಹಡಗು ಹತ್ತಿ ಹೋಗಿರುತ್ತಿತ್ತು. ಕಾಫಿಯ ಬದಲು ಬಾರ್ಲಿ, ಓಟ್ಸ್, ಚಿಕೋರಿ ಹುರಿದು ಬೆರೆಸಿದ ಪುಡಿ. ಅದಕ್ಕೆ ಕುದುರೆಯ ಕೆನೆತದಿಂದ ಹುಟ್ಟಿಸಿದ ಅಡ್ಡಹೆಸರು, ನೆಕೆಜೋಲ್. ಚಿಕೋರಿ ಬೆರೆತ ಕಾಫಿ ನಮಗೆ ಹೊಸದಲ್ಲ, ಆದರೆ ನೆಕೆಜೋಲ್‌ನಲ್ಲಿ ಕಾಫಿಬೀಜ ಇದ್ದೂ ಇಲ್ಲದಂತೆ. ನಿಜವಾದ ಕಾಫಿಪುಡಿ ಆಗ ಕುಡಿಯುವ ವಸ್ತುವೇ ಆಗಿರಲಿಲ್ಲ, ಕೆಲಸ ಮಾಡಿಸಿಕೊಳ್ಳಲು ಕೊಡುವ ವಸ್ತುವಾಗಿತ್ತು. ಕೆಂಟ್ ಸಿಗರೇಟು ಕೂಡ ಹಾಗೆಯೇ. ಆಸ್ಪತ್ರೆಯಲ್ಲಿ ಡಾಕ್ಟರಿಗೆ, ಮಾಂಸದಂಗಡಿಯವನಿಗೆ, ಕಚೇರಿಯ ಗುಮಾಸ್ತನಿಗೆ ಕೆಂಟ್ ಪ್ಯಾಕೆಟ್ಟು. ಅದನ್ನು ಯಾರೂ ಸೇದುತ್ತಿರಲಿಲ್ಲ, ಒಡೆಯದ ಪ್ಯಾಕೆಟ್ಟು ಕೈಯಿಂದ ಕೈಗೆ ನೋಟಿನ ಹಾಗೆ ದಾಟುತ್ತಿತ್ತು.

ಕ್ಯೂ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ದೂರದಿಂದ ನೋಡುವವರಿಗೆ ಅದು ಸಣ್ಣ ಕಿರಿಕಿರಿಯ ಹಾಗೆ ಕಾಣುತ್ತದೆ. ಅಂಗಡಿ ಮುಂದೆ ಸಾಲು ಕಂಡರೆ ಜನ ಮೊದಲು ಸೇರಿಕೊಳ್ಳುತ್ತಿದ್ದರು, ಏನು ಬಂದಿದೆ ಎಂದು ಆಮೇಲೆ ಕೇಳುತ್ತಿದ್ದರು. ಯಾರು ಮನೆಯಿಂದ ಹೊರಟರೂ ಕೈಯಲ್ಲೊಂದು ಚೀಲ ಇರಲೇಬೇಕು. ರಾತ್ರಿಯೇ ಚೀಲ, ಸ್ಟೂಲು ಇಟ್ಟು ಜಾಗ ಹಿಡಿಯುವುದು, ಮನೆಮಂದಿ ಪಾಳಿಯ ಮೇಲೆ ನಿಲ್ಲುವುದು. ಹಾಲಿಗೆ ಅಜ್ಜ, ಬ್ರೆಡ್ಡಿಗೆ ಶಾಲೆ ಬಿಟ್ಟ ಹುಡುಗ, ಮೊಟ್ಟೆಗೆ ಫ್ಯಾಕ್ಟರಿಯಿಂದ ಬಂದ ಹೆಂಗಸು. ಎಂಟು ಗಂಟೆ ದುಡಿದು ಬಂದವಳು ಮತ್ತೆ ಮೂರು ಗಂಟೆ ಚಳಿಯಲ್ಲಿ ನಿಂತು, ತನ್ನ ಸರದಿ ಬಂದಾಗ ಮುಗಿಯಿತು ಎನ್ನುವ ಮಾತು ಕೇಳಿ ಬರಿಗೈಯಲ್ಲಿ ಮನೆಗೆ ಬಂದು ಅಡುಗೆ ಮಾಡಬೇಕು. ಆ ಗಂಟೆಗಳಿಗೆ ಯಾವ ಪಂಚವಾರ್ಷಿಕ ಯೋಜನೆಯಲ್ಲೂ ಲೆಕ್ಕವಿಲ್ಲ. ಸಾಲದ ಬಡ್ಡಿ ಕಟ್ಟಿದ್ದು ಆ ಗಂಟೆಗಳು ಎಂದು ನಾನು ನಂಬಿದ್ದೇನೆ.

ಮನೆಯೊಳಗೆ ಬಂದರೂ ಬಿಡುವಿಲ್ಲ. ಸೊನ್ನೆಗಿಂತ ಕೆಳಗಿಳಿಯುವ ಚಳಿಯಲ್ಲಿ ಅಪಾರ್ಟ್‌ಮೆಂಟಿನ ಕೋಣೆ ಬೆಚ್ಚಗಿಡುವ ರೇಡಿಯೇಟರ್ ಉಗುರುಬೆಚ್ಚಗೂ ಇರುತ್ತಿರಲಿಲ್ಲ. ಕೋಟು ಹಾಕಿಕೊಂಡೇ ಊಟ, ಕೋಟು ಹಾಕಿಕೊಂಡೇ ಮಕ್ಕಳ ಪಾಠ. ಬಿಸಿನೀರು ವಾರದಲ್ಲಿ ಕೆಲವು ಗಂಟೆ. ಕೋಣೆಗೊಂದು 40 ವ್ಯಾಟಿನ ಬಲ್ಬು. ಚಳಿ ತಡೆಯಲಾರದೆ ಗ್ಯಾಸ್ ಒಲೆ ಹಚ್ಚಿಟ್ಟು ಮಲಗಿದವರು, ನಡುರಾತ್ರಿ ಗ್ಯಾಸ್ ನಿಂತು ಉರಿ ಆರಿ, ಮತ್ತೆ ಗ್ಯಾಸ್ ಬಂದಾಗ ಅದು ಕೋಣೆ ತುಂಬಿ ಸತ್ತದ್ದೂ ಉಂಟು. ಟಿವಿ ಪ್ರಸಾರ 1985ರಿಂದ ವಾರದ ದಿನಗಳಲ್ಲಿ ಬರೀ ಎರಡು ಗಂಟೆಗೆ ಇಳಿಯಿತು. ಅದರಲ್ಲೂ ಹೆಚ್ಚಿನ ಹೊತ್ತು ಚೌಷೆಸ್ಕು ದಂಪತಿಯ ಗುಣಗಾನ. ರಾಜಧಾನಿ ಬುಖಾರೆಸ್ಟಿನವರು ಮಾಡಿನ ಮೇಲೆ ದೊಡ್ಡ ಆಂಟೆನಾ ಕಟ್ಟಿ ಬಲ್ಗೇರಿಯಾದ ಟಿವಿ ಹಿಡಿಯುತ್ತಿದ್ದರು. ಇದೇ ಹೊತ್ತಿಗೆ, 1984ರಲ್ಲಿ, ಅದೇ ಊರಿನ ಹಳೆಯ ಬಡಾವಣೆಗಳನ್ನು ಕೆಡವಿ ಜಗತ್ತಿನ ಅತಿ ದೊಡ್ಡ ಕಟ್ಟಡಗಳಲ್ಲೊಂದಾದ "ಜನತಾ ಭವನ"ಕ್ಕೆ ಅಡಿಗಲ್ಲು ಬಿತ್ತು. ಅದರ ಅಮೃತಶಿಲೆಗೆ, ಶಾಂಡಲಿಯರುಗಳಿಗೆ ಕೊರತೆಯಾಗಲಿಲ್ಲ.

ಹೆಂಗಸರ ವಿಷಯ ಬೇರೆಯೇ. 1966ರ 770ನೇ ಆಜ್ಞೆ ಗರ್ಭಪಾತವನ್ನು ಹೆಚ್ಚುಕಮ್ಮಿ ಪೂರ್ತಿ ನಿಷೇಧಿಸಿತ್ತು. ಗರ್ಭನಿರೋಧಕಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. 1985ರಲ್ಲಿ ಕಾನೂನು ಇನ್ನಷ್ಟು ಬಿಗಿಯಾಯಿತು. ಹೆರು ಎನ್ನುವ ಸರ್ಕಾರವೇ ಹಾಲು ಕೊಡುತ್ತಿರಲಿಲ್ಲ. ಕದ್ದುಮುಚ್ಚಿ ಗರ್ಭ ತೆಗೆಸಲು ಹೋಗಿ ಆ ವರ್ಷಗಳಲ್ಲಿ ಸತ್ತವರ ಸಂಖ್ಯೆ ಸುಮಾರು 10,000 ಎಂದು ಅಂದಾಜಿದೆ. ಸಾಕಲಾಗದೆ ಬಿಟ್ಟುಹೋದ ಮಕ್ಕಳಿಂದ ಅನಾಥಾಲಯಗಳು ತುಂಬಿದವು. ನಮ್ಮ ಮನೆಯೊಡತಿ ಎಲ್ಲವನ್ನೂ ಹೇಳುತ್ತಿದ್ದವರು, ಈ ವಿಷಯಕ್ಕೆ ಬಂದಾಗ ಮಾತ್ರ ತನ್ನ ತಂಗಿ ಹೋದದ್ದು ಹೀಗೆಯೇ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನಾನು ಮುಂದೆ ಕೇಳಲಿಲ್ಲ.

ಇಷ್ಟು ಹೇಳಿದರೆ ಸ್ನೇಹಿತರು ಎರಡು ಥರ ಜಗಳಕ್ಕೆ ಬರುತ್ತಾರೆ. ಒಂದು, ನಮ್ಮಲ್ಲೂ ಕ್ಯೂ ಇರಲಿಲ್ಲವೇ? ಇತ್ತು. ಸೊಸೈಟಿ ಮುಂದೆ ಸೀಮೆಎಣ್ಣೆ ಕ್ಯಾನು ಹಿಡಿದು ನಿಂತವರ ಮಗ ನಾನು. ಫೋನಿಗೆ, ಗ್ಯಾಸಿಗೆ, ಸ್ಕೂಟರಿಗೆ ವರ್ಷಗಟ್ಟಲೆ ಕಾದ ದೇಶ ನಮ್ಮದು. ಆದರೆ ಸೊಸೈಟಿಯವನು ಅಕ್ಕಿ ಕದ್ದರೆ ಬೈಯಬಹುದಿತ್ತು, ಪತ್ರಿಕೆಗೆ ಬರೆಯಬಹುದಿತ್ತು, ಎಂಎಲ್‌ಎ ಮನೆ ಮುಂದೆ ಕೂರಬಹುದಿತ್ತು, ಓಟಿನಲ್ಲಿ ಸೋಲಿಸಬಹುದಿತ್ತು. ರೊಮೇನಿಯಾದಲ್ಲಿ ಟೈಪ್‌ರೈಟರನ್ನೇ ಪೊಲೀಸರಲ್ಲಿ ನೋಂದಾಯಿಸಬೇಕೆಂದು 1983ರಲ್ಲಿ ಆಜ್ಞೆಯಾಯಿತು. ರೇಷನ್ ಇದ್ದದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಇದ್ದದ್ದನ್ನು ಎಲ್ಲರಿಗೂ ಹಂಚುವ ರೇಷನ್ನನ್ನು ನಾನು ಗೌರವಿಸುತ್ತೇನೆ. ಅಲ್ಲಿ ಪಕ್ಷದ ದೊಡ್ಡವರಿಗೆ ಬೇರೆಯೇ ಅಂಗಡಿಗಳಿದ್ದವು.

ಎರಡನೆಯ ಜಗಳ, ಇದೇ ಕಮ್ಯುನಿಸಂ, ಎಲ್ಲ ಕಡೆ ಹೀಗೆಯೇ ಎಂಬುದು. ಅದೂ ಅಷ್ಟು ಸಲೀಸಲ್ಲ. ಗಡಿಯಾಚೆಯ ಹಂಗೇರಿಯಲ್ಲೂ ಕಮ್ಯುನಿಸ್ಟ್ ಪಕ್ಷದ್ದೇ ಆಳ್ವಿಕೆ. ಅಲ್ಲಿಯ ಅಂಗಡಿಗಳಲ್ಲಿ ಸಲಾಮಿಯೂ ಇತ್ತು, ಹಣ್ಣೂ ಇತ್ತು. ರೈತರಿಗೆ, ಸಣ್ಣ ವ್ಯಾಪಾರಿಗಳಿಗೆ ಅಲ್ಲಿ ಸ್ವಲ್ಪ ಉಸಿರಾಡಲು ಬಿಟ್ಟಿದ್ದರು. ಆದರೆ ಕೊರತೆಯ ಬೀಜ ಆ ವ್ಯವಸ್ಥೆಯೊಳಗೇ ಇತ್ತು ಎಂಬುದನ್ನು ವಿವರಿಸಿದ್ದೂ ಹಂಗೇರಿಯದೇ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್. ನಷ್ಟವಾದರೆ ಸರ್ಕಾರ ತುಂಬಿಕೊಡುತ್ತದೆ ಎಂದು ಗೊತ್ತಿರುವ ಕಾರ್ಖಾನೆ ಸಿಕ್ಕಿದ ಕಚ್ಚಾವಸ್ತುವನ್ನೆಲ್ಲ ಬಾಚಿಕೊಳ್ಳುತ್ತದೆ, ಗಿರಾಕಿ ಬಿಟ್ಟುಹೋದಾನೆಂಬ ಭಯ ಅದಕ್ಕಿರುವುದಿಲ್ಲ, ಕೊನೆಗೆ ಕಾಯುವವನು ಗಿರಾಕಿಯೇ. ಈ ರೋಗ ಹಂಗೇರಿಯಲ್ಲೂ ಇತ್ತು, ಸೋವಿಯತ್ತಿನಲ್ಲೂ ಇತ್ತು. ರೊಮೇನಿಯಾದಲ್ಲಿ ಅದರ ಮೇಲೆ ಒಬ್ಬನ ಹಟ ಸೇರಿತು. ಆ ಹಟಕ್ಕೆ ಬೇಡ ಎನ್ನುವ ಒಬ್ಬನೂ ಉಳಿಯದ ಹಾಗೆ ಪಕ್ಷವೂ ಗುಪ್ತ ಪೊಲೀಸು ಸೆಕುರಿತಾತೆಯೂ ಮೊದಲೇ ನೋಡಿಕೊಂಡಿದ್ದವು. ನನ್ನ ತಕರಾರು ಇರುವುದು ಇಲ್ಲಿ.

ಆದರೂ ಬೇಡ ಎಂದವರು ಇದ್ದೇ ಇದ್ದರು. 1987ರ ನವೆಂಬರ್ 15ರಂದು, ಸ್ಥಳೀಯ ಚುನಾವಣೆಯ ದಿನ, ಬ್ರಾಷೋವ್ ಊರಿನ "ಕೆಂಪು ಬಾವುಟ" ಲಾರಿ ಕಾರ್ಖಾನೆಯ ಕಾರ್ಮಿಕರು ಸಂಬಳ ಕಡಿತದ ವಿರುದ್ಧ ಬೀದಿಗಿಳಿದರು. ನಮಗೆ ಬ್ರೆಡ್ ಬೇಕು ಎಂದು ಕೂಗುತ್ತಾ ಹೊರಟ ಮೆರವಣಿಗೆಗೆ ದಾರಿಯುದ್ದಕ್ಕೂ ಊರಿನವರು ಸೇರಿಕೊಂಡರು. ಪಕ್ಷದ ಕಚೇರಿಗೆ ನುಗ್ಗಿದವರಿಗೆ ಒಳಗೆ ಕಂಡದ್ದು ಚುನಾವಣೆಯ ಔತಣಕ್ಕೆಂದು ತರಿಸಿಟ್ಟ ಚೀಸ್, ಮಾಂಸ, ಹಣ್ಣು. ಕಾರ್ಮಿಕರ ಹೆಸರಿನಲ್ಲೇ ಆಳುತ್ತಿದ್ದ ಪಕ್ಷ ಆ ಕಾರ್ಮಿಕರನ್ನು ಹಿಡಿದು ಹೊಡೆಯಿತು. ಹತ್ತಾರು ಜನರನ್ನು ಊರು ಬಿಡಿಸಿ ದೂರದೂರಿಗೆ ಅಟ್ಟಿತು.

ಹೊಗಳುವವರು ನೆನಪಿಡಬೇಕಾದ ಇನ್ನೊಂದು ಸಂಗತಿ ಇದೆ. 1989ರ ಏಪ್ರಿಲ್‌ನಲ್ಲಿ ಸಾಲ ತೀರಿತು ಎಂದ ಮೇಲೆ ಕ್ಯೂ ಕರಗಬೇಕಿತ್ತಲ್ಲವೇ? ಕರಗಲಿಲ್ಲ. ರಫ್ತು ಮುಂದುವರಿಯಿತು, ರೇಷನ್ ಮುಂದುವರಿಯಿತು, ಆ ಚಳಿಗಾಲಕ್ಕೂ ಮನೆಗಳು ತಣ್ಣಗೇ ಇದ್ದವು. ಡಿಸೆಂಬರಿನಲ್ಲಿ ತಿಮಿಷೋವಾರಾ ಎಂಬ ಊರಿನಲ್ಲಿ ಜನ ಎದ್ದರು, ಚೌಷೆಸ್ಕು ಆಳ್ವಿಕೆ ಉರುಳಿತು. ಆಮೇಲಿನ ಕೆಲವೇ ವಾರಗಳಲ್ಲಿ ಅಂಗಡಿಗಳಿಗೆ ಮಾಂಸ, ಕಾಫಿ, ಕಿತ್ತಳೆ ಬಂತು, ರೇಡಿಯೇಟರ್ ಬಿಸಿಯಾಯಿತು. ಅಷ್ಟು ಬೇಗ ಯಾವ ಹೊಲದಲ್ಲೂ ಹೊಸ ಬೆಳೆ ಬರುವುದಿಲ್ಲ. ಇದ್ದದ್ದನ್ನೇ ಅಷ್ಟು ವರ್ಷ ಜನರಿಂದ ತಪ್ಪಿಸಿದ್ದರು.

ಅಲ್ಲಿಯ ಹಿರಿಯರಲ್ಲಿ ಇವತ್ತಿಗೂ ಆ ಕಾಲವೇ ವಾಸಿ ಎನ್ನುವವರು ಬಹಳ ಜನ ಸಿಗುತ್ತಾರೆ. ಅವರನ್ನು ನಾನು ತಪ್ಪೆನ್ನಲಾರೆ. ಕೆಲಸ ಖಾಯಂ ಇತ್ತು, ಫ್ಲಾಟ್ ಸರ್ಕಾರವೇ ಕೊಟ್ಟಿತ್ತು. ತೊಂಬತ್ತರ ದಶಕದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ, ಬೆಲೆಯೇರಿಕೆ ಉಳಿತಾಯವನ್ನೆಲ್ಲ ನುಂಗಿ, ಮಕ್ಕಳು ಇಟಲಿ, ಸ್ಪೇನಿಗೆ ಕೂಲಿ ಹುಡುಕಿ ಹೋದರು. ಆ ನೋವೂ ನಿಜ. ಮನೆಯೊಡತಿಯೂ ತನ್ನ ಫ್ಲಾಟನ್ನು ತೋರಿಸಿ ಇದು ಚೌಷೆಸ್ಕು ಕಾಲದಲ್ಲೇ ಸಿಕ್ಕಿದ್ದು ಎನ್ನುತ್ತಿದ್ದರು. ಆದರೆ ಕಳೆದುಕೊಂಡದ್ದಕ್ಕೆ ಮರುಗುವ ಅವರ ಮಾತನ್ನು ಇಲ್ಲಿ ಕುಳಿತ ನಾವು ಎತ್ತಿಕೊಂಡು, ಆ ಸಾಲ ತೀರಿಸಿದ ರೀತಿಗೆ ಚಪ್ಪಾಳೆ ತಟ್ಟಬಾರದು.

ಎಂಬತ್ತರ ದಶಕದಲ್ಲಿ ಮಾಸ್ಕೋ, ಕೀವ್, ಬುಖಾರೆಸ್ಟಿನಲ್ಲಿ ಓದಿ ಬಂದ ಕನ್ನಡದ ಡಾಕ್ಟರುಗಳು, ಎಂಜಿನಿಯರುಗಳು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಹಾಸ್ಟೆಲಿನಲ್ಲಿ ಏನು ಸಿಗುತ್ತಿತ್ತು, ಏನಕ್ಕೆ ನಿಂತಿರಿ, ಅಲ್ಲಿಯ ಗೆಳೆಯರು ಊರಿಂದ ಏನು ತರಲು ಹೇಳುತ್ತಿದ್ದರು, ದಯವಿಟ್ಟು ಕೆಳಗೆ ಬರೆಯಿರಿ. ಹಪ್ಪಳದ ಪೊಟ್ಟಣದಷ್ಟು ಸಣ್ಣ ವಿವರವಾದರೂ ಸರಿ.