ಲಿಂಕ್ ಇದ್ದರೆ ಲೇಖನ ಇದ್ದ ಹಾಗಲ್ಲ

ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಮಲಗುತ್ತದೆ. ನಡುವೆ ಒಂದು ಕಡ್ಡಿ ಸಿಗ್ನಲ್ ಸಿಕ್ಕಾಗ ಯಾವುದಾದರೂ ಕನ್ನಡ ಸುದ್ದಿಯ ಪುಟ ತೆರೆದು ನೋಡಿ. ಮೊದಲು ನೋಟಿಫಿಕೇಶನ್ ಬೇಕಾ ಅಂತ ಕೇಳುತ್ತದೆ. ಆಮೇಲೆ ಆ್ಯಪ್ ಹಾಕಿಕೊಳ್ಳಿ ಅನ್ನುತ್ತದೆ. ಕೆಳಗಿನಿಂದ ಒಂದು ವಿಡಿಯೊ ಏಳುತ್ತದೆ, ಅದನ್ನು ಮುಚ್ಚುವ ಗುರುತು ಎಲ್ಲಿದೆ ಅಂತ ಹುಡುಕಬೇಕು. ಎರಡು ಸಾಲು ಓದುವಷ್ಟರಲ್ಲಿ ಮೇಲೊಂದು ಜಾಹೀರಾತು ಬಂದು ಕೂತು, ಓದುತ್ತಿದ್ದ ಸಾಲು ಕೆಳಗೆ ಜಾರಿರುತ್ತದೆ. ಪ್ಯಾರಾಕ್ಕೊಂದು ‘ಇದನ್ನೂ ಓದಿ’ ಬೇರೆ.

ಯೂನಿಕೋಡ್ ಪುಟದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಜಾಗ ಬೇಕು. 500 ಪದದ ಲೇಖನ ಅಂದರೂ ಹತ್ತಿರ ಹತ್ತಿರ 12 ಕೆಬಿ, ಅಷ್ಟೇ. ಒಂದು ಕಡ್ಡಿ ಸಿಗ್ನಲ್‌ನಲ್ಲೂ ಬಂದುಬಿಡಬೇಕಾದ ಸರಕು ಅದು. ಬರದೇ ಇರುವುದಕ್ಕೆ ಕಾರಣ ಅದರ ಜೊತೆ ಬರುವ ದಿಬ್ಬಣ.

ಇದಕ್ಕೆ ಮದ್ದು ಬಹುತೇಕ ಎಲ್ಲರ ಬ್ರೌಸರ್‌ನಲ್ಲೂ ಇದೆ, ಬಳಸುವವರು ಕಡಿಮೆ. ರೀಡರ್ ಮೋಡ್. ಹಲಸಿನ ಹಣ್ಣು ಬಿಡಿಸಿ ತೊಳೆ ಮಾತ್ರ ಕೈಗೆ ಕೊಟ್ಟಂತೆ, ಪುಟದಿಂದ ಬರಹವನ್ನಷ್ಟೇ ಎತ್ತಿ ಕೊಡುತ್ತದೆ. ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಪಟ್ಟಿಯಲ್ಲೇ ಹಾಳೆಯಂಥ ಗುರುತು ಕಾಣುತ್ತದೆ. ವಿಂಡೋಸ್ ಕಂಪ್ಯೂಟರ್ ಆದರೆ ಎಫ್9 ಒತ್ತಿದರೂ ಆಯಿತು, ಎಡ್ಜ್‌ನಲ್ಲೂ ಅದೇ ಕೀಲಿ. ಐಫೋನಿನ ಸಫಾರಿಯಲ್ಲಿದೆ. ಕ್ರೋಮ್‌ನ ಕಂಪ್ಯೂಟರ್ ಆವೃತ್ತಿಗೆ 2023ರಲ್ಲಿ ಬಂತು. ಅಕ್ಷರ ದೊಡ್ಡದು ಮಾಡಬಹುದು, ಹಿನ್ನೆಲೆ ಕಪ್ಪು ಮಾಡಬಹುದು. ಕನ್ನಡಕ ಹುಡುಕುವ ವಯಸ್ಸಿನವರಿಗೆ ಇದನ್ನೊಂದು ಹೇಳಿಕೊಡಿ, ಸಾಕು.

ಇದೇನು ನಿನ್ನೆ ಮೊನ್ನೆಯದಲ್ಲ. 2009ರಲ್ಲಿ ಅಮೆರಿಕದ ಆರ್ಕ್90 ಅನ್ನುವ ಸಂಸ್ಥೆ ರೀಡಬಿಲಿಟಿ ಎಂಬ ಸಣ್ಣ ಸಾಧನ ಬಿಟ್ಟಿತು. ಮರುವರ್ಷವೇ ಆಪಲ್ ಆ ಕೋಡನ್ನು ಸಫಾರಿಗೆ ಸೇರಿಸಿಕೊಂಡಿತು. ಫೈರ್‌ಫಾಕ್ಸ್‌ನದ್ದೂ ಅದೇ ವಂಶ.

ಬರಹ ಯಾವುದು, ಕಸ ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಓದಿ ಅರ್ಥ ಮಾಡಿಕೊಳ್ಳುವುದಿಲ್ಲ, ಸುಮ್ನೆ ಅಂಕ ಹಾಕುತ್ತದೆ. ಪ್ಯಾರಾ ಉದ್ದ ಇದ್ದರೆ ಅಂಕ. ಒಂದೊಂದು ಅಲ್ಪವಿರಾಮಕ್ಕೂ ಅಂಕ! (ಅಲ್ಪವಿರಾಮ ಹಾಕಲು ಜಿಪುಣತನ ಮಾಡುವ ಲೇಖಕರು ಗಮನಿಸಿ.) ಒಂದು ಭಾಗದಲ್ಲಿ ಬರಹಕ್ಕಿಂತ ಲಿಂಕೇ ಜಾಸ್ತಿ ಇದ್ದರೆ ಅದು ಪಕ್ಕದ ಪಟ್ಟಿ ಅಂತ ತಿಳಿದು ಅಂಕ ಕಡಿತ. ಕೋಡಿನಲ್ಲಿ ಆ ಭಾಗಕ್ಕೆ ಸೈಡ್‌ಬಾರ್, ಫೂಟರ್, ಕಾಮೆಂಟ್ ಅಂತ ಹೆಸರಿದ್ದರೂ ಕಡಿತ. ಜಾಸ್ತಿ ಅಂಕ ಬಂದ ತುಂಡೇ ಲೇಖನ.

ನಮ್ಮ ಕನ್ನಡದ ಎಷ್ಟೋ ತಾಣಗಳು ಫೇಲಾಗುವುದು ಇಲ್ಲೇ. ಕೋಡಿನಲ್ಲಿ ಪ್ಯಾರಾ ಗುರುತು ಹಾಕದೆ ಬರಹ ತುಂಬಿದ್ದರೆ ಎಷ್ಟೋ ಸಲ ಫೈರ್‌ಫಾಕ್ಸ್‌ಗೆ ಅಲ್ಲಿ ಲೇಖನ ಇದೆ ಅಂತಲೇ ಅನ್ನಿಸುವುದಿಲ್ಲ, ಹಾಳೆಯ ಗುರುತು ಕಾಣುವುದಿಲ್ಲ. ‘ಇದನ್ನೂ ಓದಿ’ಯನ್ನು ಪ್ಯಾರಾ ಒಳಗೇ ತುರುಕಿದ್ದರೆ ಅದು ರೀಡರ್ ಒಳಕ್ಕೂ ಬರುತ್ತದೆ. ಬರಹವನ್ನೇ ಫೋಟೊ ಮಾಡಿ ಹಾಕಿದ್ದರಂತೂ ಮುಗಿಯಿತು. ಅಡಿಕೆ ಧಾರಣೆ ಹೀಗೇ ಬರುವುದು ನೋಡಿದ್ದೀರಲ್ವಾ? ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲ ಬಣ್ಣಬಣ್ಣದ ಚಿತ್ರದೊಳಗೆ. ಅಲ್ಲಿ ಹುಡುಕಲೂ ಆಗದು, ಅಂಕಿ ಕಾಪಿ ಮಾಡಲೂ ಆಗದು.

ಇನ್ನು ಉಳಿಸಿಕೊಳ್ಳುವ ವಿಷಯ. ನನ್ನ ತಕರಾರು ಇರುವುದು ಇಲ್ಲೇ ಜಾಸ್ತಿ. ಲಿಂಕನ್ನು ತಮಗೆ ತಾವೇ ವಾಟ್ಸಾಪ್ ಮಾಡಿಕೊಂಡವರು ಲೇಖನ ಉಳಿಸಿಕೊಂಡೆವು ಅಂದುಕೊಳ್ಳುತ್ತಾರೆ. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಒಂದು ಒಳ್ಳೆಯ ಲೇಖನ ನಮ್ಮೂರಿನ ಗ್ರೂಪಿನಲ್ಲಿ ಓಡಾಡಿತ್ತು. ಮುಂದಿನ ಮಳೆಗಾಲಕ್ಕೆ ಪಕ್ಕದ ಮನೆಯವರು ಕೇಳಿದರು, “ಹೋಯ್, ಆ ಎಲೆಚುಕ್ಕಿದು ಲಿಂಕ್ ಒತ್ತಿದ್ರೆ ಏನೂ ಬರ್ತಿಲ್ವಲ್ಲ ಮಾರಾಯಾ?” ಅಷ್ಟರಲ್ಲಿ ಆ ತಾಣ ಹೊಸ ರೂಪಕ್ಕೆ ಬದಲಾಗಿ ಹಳೆಯ ವಿಳಾಸಗಳೆಲ್ಲ ಸತ್ತಿದ್ದವು. ಗ್ರೂಪಿನ ಅಷ್ಟೂ ಜನರ ಹತ್ತಿರ ಲಿಂಕ್ ಇತ್ತು, ಲೇಖನ ಒಬ್ಬರ ಹತ್ತಿರವೂ ಇರಲಿಲ್ಲ.

‘ಆಮೇಲೆ ಓದುವ’ ಸೇವೆಗಳನ್ನು ನಂಬಿದವರ ಕಥೆಯೂ ಇಷ್ಟೇ. ಮೇಲೆ ಹೇಳಿದ ರೀಡಬಿಲಿಟಿಯವರು ನಡೆಸುತ್ತಿದ್ದ ಸೇವೆ 2016ರಲ್ಲಿ ನಿಂತಿತು. ಆಮ್ನಿವೋರ್ 2024ರ ನವೆಂಬರ್‌ನಲ್ಲಿ ಹೋಯಿತು. 2007ರಲ್ಲಿ ಶುರುವಾಗಿದ್ದ ಪಾಕೆಟ್, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಕೈಯಲ್ಲೇ ಇದ್ದರೂ 2025ರ ಜುಲೈ 8ಕ್ಕೆ ಬಾಗಿಲು ಹಾಕಿತು. ನಮ್ಮ ಕಂಪ್ಯೂಟರಿನಲ್ಲಿ ಫೈಲ್ ಆಗಿ ಕೂತದ್ದಷ್ಟೇ ನಮ್ಮದು.

ನಾನು ಬಳಸುವುದು ಸಿಂಗಲ್‌ಫೈಲ್ ಎಂಬ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಸಾಧನ. ಉಚಿತ. ಫೈರ್‌ಫಾಕ್ಸ್, ಕ್ರೋಮ್, ಎಡ್ಜ್ ಮೂರಕ್ಕೂ ಇದೆ. ಒಂದು ಸಲ ಒತ್ತಿದರೆ ಪುಟ ಪೂರ್ತಿ, ಚಿತ್ರಗಳ ಸಮೇತ, ಒಂದೇ ಎಚ್‌ಟಿಎಂಎಲ್ ಫೈಲ್ ಆಗಿ ಇಳಿಯುತ್ತದೆ. ನೆಟ್ ಇಲ್ಲದೆಯೂ ತೆರೆಯುತ್ತದೆ. ಯಾವ ವಿಳಾಸದಿಂದ, ಯಾವ ದಿನ ಇಳಿಸಿದ್ದು ಅನ್ನುವುದನ್ನು ಫೈಲಿನ ಒಳಗೇ ಬರೆದಿಟ್ಟಿರುತ್ತದೆ. ಉಳಿಸುವ ಮೊದಲು ಬೇಡದ ತುಂಡುಗಳನ್ನು ಕಿತ್ತು ಹಾಕುವ ಸೌಲಭ್ಯವೂ ಅದರಲ್ಲಿದೆ, ಬೇಕಾದ ಸಾಲಿಗೆ ಬಣ್ಣ ಬಳಿಯಲೂ ಬರುತ್ತದೆ.

ಪಿಡಿಎಫ್ ಮಾಡಿದರೆ ಆಗಲ್ವಾ ಅಂತ ಕೇಳುತ್ತಾರೆ. ಕಣ್ಣಿಗೆ ಚೆನ್ನಾಗಿರುತ್ತದೆ, ಪ್ರಿಂಟ್ ತೆಗೆಯಲು ಅದೇ ಸರಿ. ಆದರೆ ಹೀಗೆ ಮಾಡಿದ ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿ ನೋಡಿ. ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ ಬಿದ್ದಿರುವುದೇ ಜಾಸ್ತಿ. ಆಮೇಲೆ ಅದರಲ್ಲಿ ‘ಎಲೆಚುಕ್ಕಿ’ ಅಂತ ಹುಡುಕಿದರೆ ಸಿಗುವುದಿಲ್ಲ, ಎದುರಿಗೇ ಇದ್ದರೂ. ಇಂಗ್ಲಿಷಿನವರಿಗೆ ಈ ಗೋಳು ಇಲ್ಲ, ಹಾಗಾಗಿ ಅವರ ಸಲಹೆ ಕೇಳಿ ಎಲ್ಲವನ್ನೂ ಪಿಡಿಎಫ್ ಮಾಡಬೇಡಿ. ಕನ್ನಡಕ್ಕೆ ಎಚ್‌ಟಿಎಂಎಲ್ಲೇ ಒಳ್ಳೆಯದು.

ಉಳಿಸಿದ ಮೇಲೆ ಮೂಲ ಪುಟದ ಜೊತೆ ಒಮ್ಮೆ ತಾಳೆ ನೋಡಿ. ಕಸ ಗುಡಿಸುವ ಭರದಲ್ಲಿ ರೀಡರ್ ಮೋಡ್‌ನಂಥ ಸಾಧನಗಳು ಕೆಲವು ಸಲ ಕೋಷ್ಟಕವನ್ನೇ ಬಿಟ್ಟುಬಿಡುತ್ತವೆ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಲೇಖನ ಅಂದುಕೊಳ್ಳಿ. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಆ ಅಳತೆ ಇದ್ದ ಕೋಷ್ಟಕವೇ ಹಾರಿಹೋದರೆ ಉಳಿಯುವುದು ಪೀಠಿಕೆ ಮಾತ್ರ.

ಜಾಹೀರಾತು ತೆಗೆದರೆ ಪತ್ರಕರ್ತರ ಹೊಟ್ಟೆಗೆ ಏನು ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಒಬ್ಬರೋ ಇಬ್ಬರೋ ಸೇರಿ ನಡೆಸುವ ಸ್ಥಳೀಯ ಸುದ್ದಿತಾಣಗಳು ನಮ್ಮ ಜಿಲ್ಲೆಯಲ್ಲೂ ಇವೆ, ಅವು ಬದುಕಬೇಕು. ಸಾಮಾನ್ಯವಾಗಿ ರೀಡರ್ ಮೋಡ್ ಒತ್ತುವ ಹೊತ್ತಿಗೆ ಪುಟ ತೆರೆದು ಜಾಹೀರಾತೂ ಬಂದಾಗಿರುತ್ತದೆ. ಚಂದಾ ಕೇಳುವವರಿಗೆ ಚಂದಾ ಕೊಡೋಣ. ಆದರೆ ಲೇಖಕರ ಹೆಸರು ಕಿತ್ತು, ಬರಹ ಮಾತ್ರ ವಾಟ್ಸಾಪಿಗೆ ಬಿಡುವವರು ದಯವಿಟ್ಟು ಈ ಸಾಧನಗಳ ಹತ್ತಿರ ಸುಳಿಯಬೇಡಿ.

ಈ ಪೋಸ್ಟನ್ನು ಸೇವ್ ಮಾಡಿಕೊಳ್ಳುವವರಿಗೆ ಒಂದು ಮಾತು. ಫೇಸ್‌ಬುಕ್‌ನ ‘ಸೇವ್’ ಇಟ್ಟುಕೊಳ್ಳುವುದೂ ಲಿಂಕನ್ನೇ. ನಾನು ಅಳಿಸಿದರೆ ನಿಮ್ಮ ಪಟ್ಟಿಯಿಂದಲೂ ಹೋಗುತ್ತದೆ. ಬೇಕಿದ್ದರೆ ಈಗಲೇ ಕಾಪಿ ಮಾಡಿ ಎಲ್ಲಾದರೂ ಹಾಕಿಟ್ಟುಕೊಳ್ಳಿ. ಸಿಂಗಲ್‌ಫೈಲ್ ಹಾಕಿಕೊಳ್ಳುವಾಗ ತೊಡಕಾದರೆ ಕೆಳಗೆ ಕೇಳಿ, ನೆಟ್ ಇದ್ದಾಗ ಉತ್ತರಿಸುತ್ತೇನೆ.